ಲಿನಕ್ಸ್‌ನಲ್ಲಿ ಆಟ ಶುರುವಾಗದಿದ್ದರೆ, ರಿಸಾಲ್ವ್ ತೆರೆಯದಿದ್ದರೆ: ದೋಷ ಯಾವ ಪದರದಲ್ಲಿದೆ ಎಂದು ಹಿಡಿಯುವ ಬಗೆ

ವಾಲ್ವ್ ಕಂಪನಿಯ ಆಟಗಳ ಅಂಗಡಿ ಸ್ಟೀಮ್‌ನಲ್ಲಿ ಹಸಿರು ‘ಪ್ಲೇ’ ಬಟನ್ ಒತ್ತಿದರೆ ಅದು ನೀಲಿ ‘ಸ್ಟಾಪ್’ ಆಗುತ್ತದೆ, ಹತ್ತು ಸೆಕೆಂಡಿನಲ್ಲಿ ಮತ್ತೆ ಹಸಿರಿಗೆ ಮರಳುತ್ತದೆ. ಪರದೆಯ ಮೇಲೆ ಏನೂ ಮೂಡುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಈ ಒಂದು ಲಕ್ಷಣದ ಹಿಂದೆ ಹಲವು ಕಾರಣಗಳಿರಬಹುದು, ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಹಾಗಾಗಿ ಜನ ಮೊದಲು ಪ್ರೋಟಾನ್‌ನ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪದರ) ಆವೃತ್ತಿ ಬದಲಿಸುತ್ತಾರೆ, ಆಮೇಲೆ ಡ್ರೈವರ್ ಕಿತ್ತು ಮತ್ತೆ ಹಾಕುತ್ತಾರೆ, ಕೊನೆಗೆ ಡಿಸ್ಟ್ರೋವನ್ನೇ (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆಯನ್ನೇ) ಬದಲಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ವಿಡಿಯೊ ಸಂಕಲನದ ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶ ತೆರೆಯದಿದ್ದಾಗಲೂ ಇದೇ ಕಥೆ. ದೋಷ ಯಾವ ಪದರದಲ್ಲಿದೆ ಎಂದು ಮೊದಲು ಹಿಡಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಪದರಗಳು ಇವು. ಎಲ್ಲಕ್ಕಿಂತ ಕೆಳಗೆ ಗ್ರಾಫಿಕ್ಸ್ ಕಾರ್ಡ್. ಅದರ ಮೇಲೆ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಡ್ರೈವರ್ ಮಾಡ್ಯೂಲ್. ಅದರ ಮೇಲೆ ವಲ್ಕನ್ (ಕಾರ್ಡಿಗೆ ಚಿತ್ರ ಬಿಡಿಸಲು ಹೇಳುವ ಭಾಷೆ) ಡ್ರೈವರ್: ಎಎಂಡಿ ಮತ್ತು ಇಂಟೆಲ್‌ಗೆ ಮೆಸಾ ಎಂಬ ಮುಕ್ತ ಡ್ರೈವರ್ ಸಂಗ್ರಹದಿಂದ ಬರುತ್ತದೆ, ಎನ್ವಿಡಿಯಾಗೆ ಆ ಕಂಪನಿಯದೇ ಡ್ರೈವರ್‌ನಿಂದ. ವಿಂಡೋಸ್ ಆಟ ಡೈರೆಕ್ಟ್‌3ಡಿ ಭಾಷೆಯಲ್ಲಿ ಚಿತ್ರ ಕೇಳುತ್ತದೆ. ಅದನ್ನು ವಲ್ಕನ್‌ಗೆ ತಿರುಗಿಸುವುದು ಡಿಎಕ್ಸ್‌ವಿಕೆ (ಡೈರೆಕ್ಟ್‌3ಡಿ 8ರಿಂದ 11) ಮತ್ತು ವಿಕೆಡಿ3ಡಿ-ಪ್ರೋಟಾನ್ (12). ವಿಂಡೋಸ್‌ನ ಉಳಿದ ಕರೆಗಳನ್ನೆಲ್ಲ ವೈನ್ ನಿಭಾಯಿಸುತ್ತದೆ. ಈ ಮೂರನ್ನೂ ಕಟ್ಟಿದ ಗಂಟೇ ಪ್ರೋಟಾನ್, ವಾಲ್ವ್ ಅದನ್ನು 2018ರ ಆಗಸ್ಟ್‌ನಲ್ಲಿ ಸ್ಟೀಮ್‌ಗೆ ಸೇರಿಸಿತು. ಇವೆಲ್ಲದರ ಮೇಲೆ ಆಟ, ಪಕ್ಕದಲ್ಲಿ ಚಿತ್ರವನ್ನು ಮಾನಿಟರ್‌ಗೆ ಒಯ್ಯುವ ಕಾಂಪೊಸಿಟರ್. ತಪಾಸಣೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಸಾಗಬೇಕು, ಒಮ್ಮೆಗೆ ಒಂದೇ ಬದಲಾವಣೆ ಮಾಡಬೇಕು.

ಕೆಳಗೆ ಆದೇಶಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲ ಐದು ನಿಮಿಷ: ತಳಪಾಯದ ಪರೀಕ್ಷೆ

‘ಎಲ್‌ಎಸ್‌ಪಿಸಿಐ -ಕೆ’ ಎಂದು ಕೊಟ್ಟು ಗ್ರಾಫಿಕ್ಸ್ ಕಾರ್ಡಿನ ಸಾಲನ್ನು ಹುಡುಕಿ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲಿರುತ್ತದೆ. ಎಎಂಡಿ ಆದರೆ ಅಲ್ಲಿ ಎಎಂಡಿಜಿಪಿಯು ಇರಬೇಕು, ಇಂಟೆಲ್ ಆದರೆ ಐ915 ಅಥವಾ ಎಕ್ಸ್‌ಇ. ಎನ್ವಿಡಿಯಾ ಕಾರ್ಡಿನಲ್ಲಿ ಆಟ ಆಡಬೇಕಾದರೆ ಎನ್ವಿಡಿಯಾ ಎಂದೇ ಇರಬೇಕು. ನೂವೋ ಎಂದಿದ್ದರೆ ಕಂಪನಿಯ ಡ್ರೈವರ್ ಲೋಡ್ ಆಗಿಲ್ಲ. ಎಎಂಡಿಯ ಎಚ್‌ಡಿ 7000 ಸರಣಿ, ಆರ್9 200 ಸರಣಿಯಂಥ ಹಳೆಯ ಕಾರ್ಡುಗಳನ್ನು ಹಳೆಯ ಕರ್ನಲ್‌ಗಳು ರೇಡಿಯಾನ್ ಎಂಬ ಹಿಂದಿನ ಮಾಡ್ಯೂಲ್‌ಗೆ ಒಪ್ಪಿಸುತ್ತವೆ. ಅದರಲ್ಲಿ ವಲ್ಕನ್ ಇಲ್ಲವೇ ಇಲ್ಲ. ಬೂಟ್ ಆಯ್ಕೆಗಳಲ್ಲಿ ರೇಡಿಯಾನ್‌ನ ಬೆಂಬಲ ಆಫ್ ಮಾಡಿ (‘ರೇಡಿಯಾನ್.ಎಸ್‌ಐ_ಸಪೋರ್ಟ್=0’) ಎಎಂಡಿಜಿಪಿಯುವಿನದನ್ನು ಹೊತ್ತಿಸಿದರೆ (‘ಎಎಂಡಿಜಿಪಿಯು.ಎಸ್‌ಐ_ಸಪೋರ್ಟ್=1’) ಅದೇ ಕಾರ್ಡು ವಲ್ಕನ್ ಕಲಿಯುತ್ತದೆ. ಕಾರ್ಡು ಸೀ ಐಲ್ಯಾಂಡ್ಸ್ ಪೀಳಿಗೆಯದಾದರೆ ‘ಎಸ್‌ಐ’ ಜಾಗದಲ್ಲಿ ‘ಸಿಐಕೆ’ ಬರೆಯಿರಿ.

ಎನ್ವಿಡಿಯಾ ಡ್ರೈವರ್ ಹಾಕಿದ್ದೂ ಲೋಡ್ ಆಗಿಲ್ಲ ಎಂದರೆ ಮೊದಲು ಅನುಮಾನಿಸಬೇಕಾದದ್ದು ಸೆಕ್ಯೂರ್ ಬೂಟ್, ಅಂದರೆ ಒಪ್ಪಿತ ಸಹಿಯಿಲ್ಲದ ಡ್ರೈವರ್‌ಗಳನ್ನು ತಡೆಯುವ ಭದ್ರತಾ ವ್ಯವಸ್ಥೆ. ‘ಮೊಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಕೊಟ್ಟರೆ ಅದು ಆನ್ ಇದೆಯೋ ಇಲ್ಲವೋ ತಿಳಿಯುತ್ತದೆ. ಆನ್ ಇದ್ದು, ‘ಸುಡು ಮಾಡ್‌ಪ್ರೋಬ್ ಎನ್ವಿಡಿಯಾ’ ಎಂದಾಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂಬ ಉತ್ತರ ಬಂದರೆ, ಮಾಡ್ಯೂಲ್‌ಗೆ ಹಾಕಿದ ಸಹಿಯನ್ನು ಕರ್ನಲ್ ಒಪ್ಪಿಲ್ಲ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯೊಂದು ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡು ಇರುತ್ತದೆ, ಗಮನಿಸದೆ ‘ಕಂಟಿನ್ಯೂ’ ಒತ್ತಿದವರಿಗೇ ಸಾಮಾನ್ಯವಾಗಿ ಈ ದೋಷ ಬರುವುದು. ಸಹಿ ಪುನಃ ನೋಂದಾಯಿಸಿ, ಇಲ್ಲವೇ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ.

ಮುಂದಿನದು ‘ವಲ್ಕನ್‌ಇನ್ಫೋ --ಸಮ್ಮರಿ’. ಉಬುಂಟುವಿನಲ್ಲಿ ಇದು ವಲ್ಕನ್-ಟೂಲ್ಸ್ ಪ್ಯಾಕೇಜಿನಲ್ಲಿದೆ. ನಿಮ್ಮ ಕಾರ್ಡಿನ ಹೆಸರು ಕಾಣಿಸಬೇಕು, ‘ಎಪಿಐ ವರ್ಷನ್’ 1.3 ಅಥವಾ ಹೆಚ್ಚು ಇರಬೇಕು. ಎಲ್‌ಎಲ್‌ವಿಎಂಪೈಪ್ ಎಂಬ ಹೆಸರು ಮಾತ್ರ ಬಂದರೆ ಚಿತ್ರವನ್ನೆಲ್ಲ ಸಿಪಿಯು ಬಿಡಿಸುತ್ತಿದೆ ಎಂದರ್ಥ. ನಿಜವಾದ ಕಾರ್ಡಿನ ಜೊತೆಗೆ ಅದೂ ಇದ್ದರೆ ಚಿಂತೆಯಿಲ್ಲ. ಆಮೇಲೆ ‘ವಿಕೆಕ್ಯೂಬ್’ ಕೊಡಿ. ತಿರುಗುವ ಘನ ಕಂಡರೆ ಕೆಳಗಿನ ಮೂರು ಪದರ ಸರಿಯಿವೆ, ದೋಷ ಬಹುತೇಕ ಪ್ರೋಟಾನ್ ಅಥವಾ ಅದಕ್ಕಿಂತ ಮೇಲಿದೆ (ಹಳೆಯ ಕಾರ್ಡು, 32-ಬಿಟ್ ಡ್ರೈವರ್‌ಗಳ ಮಾತು ಮುಂದಿದೆ). ಘನ ಕಾಣದಿದ್ದರೆ ಸ್ಟೀಮ್‌ನ ಸೆಟ್ಟಿಂಗ್ ಮುಟ್ಟಬೇಡಿ, ಅಲ್ಲಿ ಏನೂ ಸಿಗುವುದಿಲ್ಲ.

1.3 ಎಂಬ ಆ ಸಂಖ್ಯೆಯ ಹಿಂದೆ ನಮ್ಮಲ್ಲಿ ಬಹಳ ಜನರಿಗೆ ತಟ್ಟುವ ಕಾರಣವಿದೆ. 2022ರ ನವೆಂಬರ್‌ನಲ್ಲಿ ಬಂದ ಡಿಎಕ್ಸ್‌ವಿಕೆ 2.0, ವಲ್ಕನ್ 1.3 ಇಲ್ಲದ ಕಾರ್ಡುಗಳನ್ನು ಕೈಬಿಟ್ಟಿತು. ಪ್ರೋಟಾನ್ 8ರಿಂದ ಮುಂದೆ ಒಳಗಿರುವುದು ಆ ಸರಣಿಯೇ. ಎನ್ವಿಡಿಯಾದ ಕೆಪ್ಲರ್ ಪೀಳಿಗೆ, ಅಂದರೆ ಜಿಟಿಎಕ್ಸ್ 600, 700 ಸರಣಿಯ ಬಹುಪಾಲು ಮತ್ತು ಹಳೆಯ ಆಫೀಸ್ ಪಿಸಿಗಳಲ್ಲಿ ಕಾಣುವ ಜಿಟಿ 710, 470 ಸಂಖ್ಯೆಯ ಡ್ರೈವರ್‌ಗೇ ನಿಂತಿವೆ. ಅದರಲ್ಲಿ ವಲ್ಕನ್ 1.2 ಮಾತ್ರ. ಇಂಟೆಲ್‌ನ ನಾಲ್ಕನೇ ಪೀಳಿಗೆಯ ಒಳಗ್ರಾಫಿಕ್ಸ್‌ಗೂ ವಲ್ಕನ್ ಪೂರ್ತಿಯಾಗಿ ಇಲ್ಲ. ಇಂಥ ಯಂತ್ರದಲ್ಲಿ ಆಟದ ‘ಪ್ರಾಪರ್ಟೀಸ್’, ‘ಕಂಪ್ಯಾಟಿಬಿಲಿಟಿ’ಗೆ ಹೋಗಿ ಪ್ರೋಟಾನ್ 7.0 ಆರಿಸಿ. ಡೈರೆಕ್ಟ್‌3ಡಿ 9ರ ಹಳೆಯ ಆಟವಾದರೆ ‘ಪ್ರೋಟಾನ್_ಯೂಸ್_ವೈನ್‌ಡಿ3ಡಿ=1 %ಕಮಾಂಡ್%’ ಎಂದು ಲಾಂಚ್ ಆಪ್ಷನ್ಸ್‌ನಲ್ಲಿ ಬರೆದು ಓಪನ್‌ಜಿಎಲ್ ದಾರಿ ಹಿಡಿಸಬಹುದು. ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ಕಾರ್ಡಿನವರೂ (ಜಿಟಿಎಕ್ಸ್ 900, 1000 ಸರಣಿ) ಎಚ್ಚರವಾಗಿರಬೇಕು: ಅವಕ್ಕೆ ಕೊನೆಯ ಡ್ರೈವರ್ ಸರಣಿ 580. ಆರ್ಚ್‌ನಂಥ ಸದಾ ಹೊಸದಾಗುವ ಡಿಸ್ಟ್ರೋದಲ್ಲಿ ಅಪ್‌ಡೇಟ್ ಆದ ಮರುದಿನ ಬರೀ ಕಪ್ಪು ಪರದೆ ಬಂದರೆ, 580 ಸರಣಿಯ ಪ್ಯಾಕೇಜಿಗೆ ಮರಳಬೇಕು.

ಕೆಳಗಿನದು ಸರಿ, ಆದರೂ ಆಟ ಬರುತ್ತಿಲ್ಲ

ಹೊಸದಾಗಿ ಹಾಕಿದ ಡಿಸ್ಟ್ರೋದಲ್ಲಿ ಮರೆತುಹೋಗುವುದು 32-ಬಿಟ್ ಗ್ರಂಥಾಲಯಗಳು (ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಲೈಬ್ರರಿ ಫೈಲುಗಳು). 64-ಬಿಟ್‌ನ ವಲ್ಕನ್‌ಇನ್ಫೋ ಸರಿಯಾಗಿ ಓಡುತ್ತದೆ, ಹೊಸ ಆಟಗಳೂ ಓಡುತ್ತವೆ, ಆದರೆ 2010ರ ಸುಮಾರಿನ ಆಟವೊಂದು ಮಾತ್ರ ಬಾಯಿ ಬಿಡುವುದಿಲ್ಲ. ಆ ಆಟ 32-ಬಿಟ್‌ನದು, ಅದಕ್ಕೆ 32-ಬಿಟ್ ವಲ್ಕನ್ ಡ್ರೈವರೇ ಬೇಕು. ಉಬುಂಟು, ಡೆಬಿಯನ್‌ನಲ್ಲಿ ಮೊದಲು ‘ಸುಡು ಡಿಪಿಕೆಜಿ --ಆಡ್-ಆರ್ಕಿಟೆಕ್ಚರ್ ಐ386’ ಕೊಟ್ಟು, ಪಟ್ಟಿ ಅಪ್‌ಡೇಟ್ ಮಾಡಿ, ‘ಮೆಸಾ-ವಲ್ಕನ್-ಡ್ರೈವರ್ಸ್:ಐ386’ ಹಾಕಿ. ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್‌ನ ಕಾನ್ಫಿಗ್ ಫೈಲ್‌ನಲ್ಲಿ ಮಲ್ಟಿಲಿಬ್ ಭಾಗದ ಎರಡೂ ಸಾಲುಗಳ ಮುಂದಿನ ಹ್ಯಾಶ್ ತೆಗೆದು, ‘ಲಿಬ್32-ವಲ್ಕನ್-ರೇಡಿಯಾನ್’ ಅಥವಾ ‘ಲಿಬ್32-ಎನ್ವಿಡಿಯಾ-ಯುಟಿಲ್ಸ್’ ಹಾಕಿ. ಎನ್ವಿಡಿಯಾದಲ್ಲಿ 32 ಮತ್ತು 64-ಬಿಟ್ ಎರಡರ ಆವೃತ್ತಿ ಸಂಖ್ಯೆ ಕೊನೆಯ ಅಂಕಿಯವರೆಗೂ ಒಂದೇ ಇರಬೇಕು.

ಫ್ಲ್ಯಾಟ್‌ಪ್ಯಾಕ್ (ಸಿಸ್ಟಮ್‌ನಿಂದ ಬೇರೆಯಾಗಿ ಓಡುವ ಪ್ಯಾಕೇಜ್) ರೂಪದ ಸ್ಟೀಮ್ ಬಳಸುವವರಿಗೆ ಇದೇ ಮಾತು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಫ್ಲ್ಯಾಟ್‌ಪ್ಯಾಕ್ ತನ್ನದೇ ಎನ್ವಿಡಿಯಾ ರನ್‌ಟೈಮ್ ಇಟ್ಟುಕೊಂಡಿರುತ್ತದೆ. ಸಿಸ್ಟಮ್‌ನ ಡ್ರೈವರ್ ಹೊಸದಾಗಿ, ರನ್‌ಟೈಮ್ ಹಳೆಯದೇ ಉಳಿದರೆ ಎಲ್ಲ ಆಟಗಳೂ ಒಂದೇ ದಿನ ಕೈಕೊಡುತ್ತವೆ. ‘ಫ್ಲ್ಯಾಟ್‌ಪ್ಯಾಕ್ ಅಪ್‌ಡೇಟ್’ ಕೊಟ್ಟು ರೀಬೂಟ್ ಮಾಡಿದರೆ ಸಾಕು. ಎರಡನೇ ಡಿಸ್ಕ್‌ನ ಆಟಗಳು ಕಾಣದಿದ್ದರೆ ಫ್ಲ್ಯಾಟ್‌ಪ್ಯಾಕ್‌ನ ಅನುಮತಿ ನಿಭಾಯಿಸುವ ಫ್ಲ್ಯಾಟ್‌ಸೀಲ್ ತೆರೆದು, ಫೈಲ್‌ಸಿಸ್ಟಮ್ ಭಾಗದಲ್ಲಿ ಆ ಡಿಸ್ಕ್‌ನ ದಾರಿಯನ್ನು ಸೇರಿಸಿ. ಉಬುಂಟುವಿನಲ್ಲಿ ಸ್ನ್ಯಾಪ್ ರೂಪದ ಸ್ಟೀಮ್ ಹಾಕಿದ್ದರೆ ಅದನ್ನು ತೆಗೆದು ಸ್ಟೀಮ್ ತಾಣದ ಡೆಬ್ ಪ್ಯಾಕೇಜ್ ಹಾಕಿ. ತಪಾಸಣೆಯ ಮಧ್ಯೆ ಒಂದು ಹೆಚ್ಚುವರಿ ಗೋಡೆ ಬೇಡ.

ಈಗ ವಿಂಡೋಸ್ ಜೊತೆ ಲಿನಕ್ಸ್ ಇಟ್ಟುಕೊಂಡವರ ಸಮಸ್ಯೆ. ವಿಂಡೋಸ್‌ನ ಡಿ ಡ್ರೈವ್‌ನಲ್ಲಿ ಈಗಾಗಲೇ ನೂರು ಜಿಬಿಯ ಆಟಗಳಿವೆ, ನಮ್ಮ ಡೇಟಾ ಮಿತಿಯಲ್ಲಿ ಮತ್ತೆ ಇಳಿಸಿಕೊಳ್ಳಲು ಮನಸ್ಸಾಗದು, ಸರಿ, ಅದನ್ನೇ ಸ್ಟೀಮ್ ಲೈಬ್ರರಿಯಾಗಿ ಸೇರಿಸುತ್ತೇವೆ. ಆಟ ಪಟ್ಟಿಯಲ್ಲಿ ಕಾಣುತ್ತದೆ, ಓಡುವುದಿಲ್ಲ. ಕಾರಣ ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್ ಡಿಸ್ಕ್‌ನ ಫೈಲ್ ವ್ಯವಸ್ಥೆ. ಪ್ರೋಟಾನ್ ಪ್ರತಿ ಆಟಕ್ಕೂ ‘ಕಂಪಾಟ್‌ಡೇಟಾ’ ಫೋಲ್ಡರಿನಲ್ಲಿ ಒಂದು ನಕಲಿ ಸಿ ಡ್ರೈವ್ ಕಟ್ಟುತ್ತದೆ. ಅದರೊಳಗೆ ‘ಸಿ:’, ‘ಝಡ್:’ ಎಂಬ ಹೆಸರಿನ ಸಿಮ್‌ಲಿಂಕ್‌ಗಳು (ಬೇರೆ ಜಾಗವನ್ನು ತೋರಿಸುವ ಕೊಂಡಿಗಳು) ಇರುತ್ತವೆ. ಹೆಸರಿನಲ್ಲಿ ಕೋಲನ್ ಚಿಹ್ನೆ ವಿಂಡೋಸ್‌ಗೆ ನಿಷಿದ್ಧ, ಹಾಗಾಗಿ ಎನ್‌ಟಿಎಫ್‌ಎಸ್ ಮೇಲೆ ಅದು ಹಾಳಾಗುತ್ತದೆ. ಕೆಲವೊಮ್ಮೆ ವಿಂಡೋಸ್ ಆ ಡಿಸ್ಕನ್ನು ಪರೀಕ್ಷಿಸುವಾಗ ದೋಷವೆಂದು ಬಗೆದು ಅಳಿಸಿಬಿಡುವುದೂ ಉಂಟು.

ಸರಿಪಡಿಸುವುದು ಹೀಗೆ. ನಿಮ್ಮ ಲಿನಕ್ಸ್ ಹೋಮ್‌ನ ಸ್ಟೀಮ್‌ಆ್ಯಪ್ಸ್ ಫೋಲ್ಡರಿನಲ್ಲಿ ಕಂಪಾಟ್‌ಡೇಟಾ ಫೋಲ್ಡರ್ ಇದೆಯೇ ನೋಡಿ, ಇಲ್ಲದಿದ್ದರೆ ಮಾಡಿ. ವಿಂಡೋಸ್ ಡಿಸ್ಕ್‌ನ ಸ್ಟೀಮ್‌ಆ್ಯಪ್ಸ್‌ನಲ್ಲಿ ಹುಟ್ಟಿರುವ ಕಂಪಾಟ್‌ಡೇಟಾವನ್ನು ಅಳಿಸಿ. ಆಮೇಲೆ ‘ಎಲ್‌ಎನ್ -ಎಸ್’ ಬಳಸಿ ಹೋಮ್‌ನ ಫೋಲ್ಡರಿಗೆ ಅಲ್ಲಿಂದ ಒಂದು ಕೊಂಡಿ ಹಾಕಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಹೇಗೆ ಜೋಡಣೆಯಾಗಬೇಕೆಂದು ಹೇಳುವ ಫೈಲ್) ಆ ಡಿಸ್ಕ್‌ನ ಸಾಲಿಗೆ ‘ಯುಐಡಿ=1000,ಜಿಐಡಿ=1000,ಎಕ್ಸೆಕ್’ ಆಯ್ಕೆಗಳು ಸೇರಿರಲಿ, ‘ಯೂಸರ್’ ಆಯ್ಕೆ ಇದ್ದರೆ ‘ಎಕ್ಸೆಕ್’ ಅದರ ನಂತರವೇ ಬರಬೇಕು. ಏಕೆಂದರೆ ‘ಯೂಸರ್’ ಎಂಬುದು ತಾನಾಗಿಯೇ ಫೈಲ್ ಓಡಿಸುವ ಹಕ್ಕನ್ನು ಕಿತ್ತುಕೊಳ್ಳುತ್ತದೆ. ಡಿಸ್ಕ್ ಓದಲು ಮಾತ್ರ ಸಿಗುತ್ತಿದ್ದರೆ, ಅಥವಾ ಕರ್ನಲ್ ಲಾಗ್‌ನಲ್ಲಿ ‘ವಾಲ್ಯೂಮ್ ಈಸ್ ಡರ್ಟಿ’ ಎಂದಿದ್ದರೆ, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕಾರಣ: ಅದು ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ರೆಗೆ ತಳ್ಳುತ್ತದೆ. ವಿಂಡೋಸ್‌ನಲ್ಲಿ ಅಡ್ಮಿನ್ ಆಗಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಟ್ಟು, ಚೆಕ್‌ಡಿಸ್ಕ್ ಓಡಿಸಿ, ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ. ಇಷ್ಟೆಲ್ಲ ಮಾಡಿದರೂ ಎನ್‌ಟಿಎಫ್‌ಎಸ್ ಮೇಲೆ ಆಟ ಇಡುವುದು ತಾತ್ಕಾಲಿಕ ಏರ್ಪಾಡು. ಅದೇ ಡಿಸ್ಕ್‌ನಲ್ಲಿ ಲಿನಕ್ಸ್‌ನದೇ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4ರ ಒಂದು ಪಾರ್ಟಿಷನ್ ಮಾಡಿ ಫೋಲ್ಡರುಗಳನ್ನು ನಕಲಿಸಿಬಿಡಿ. ಸ್ಟೀಮ್ ಇರುವ ಫೈಲುಗಳನ್ನು ಪರೀಕ್ಷಿಸಿ, ಕೊರತೆಯಾದಷ್ಟನ್ನೇ ಇಳಿಸಿಕೊಳ್ಳುತ್ತದೆ.

ಲಾಗ್ ಓದುವುದು

ಇಲ್ಲಿಯವರೆಗೆ ಏನೂ ಸಿಗದಿದ್ದರೆ ಊಹೆ ಬಿಟ್ಟು ಲಾಗ್ ತೆಗೆಯಿರಿ. ಲಾಂಚ್ ಆಪ್ಷನ್ಸ್‌ನಲ್ಲಿ ‘ಪ್ರೋಟಾನ್_ಲಾಗ್=1 %ಕಮಾಂಡ್%’ ಎಂದು ಬರೆಯಿರಿ (ಇಂಗ್ಲಿಷ್‌ನಲ್ಲಿ ಮೊದಲ ಭಾಗ ದೊಡ್ಡಕ್ಷರ, ‘ಕಮಾಂಡ್’ ಸಣ್ಣಕ್ಷರ). ಆಟ ಒಮ್ಮೆ ಓಡಿಸಿ ಬಿದ್ದ ಮೇಲೆ ಹೋಮ್ ಫೋಲ್ಡರಿನಲ್ಲಿ ‘ಸ್ಟೀಮ್-’ ಎಂದು ಶುರುವಾಗಿ ಆಟದ ಸಂಖ್ಯೆಯಿರುವ ಲಾಗ್ ಫೈಲ್ ಹುಟ್ಟಿರುತ್ತದೆ. ಅದರಲ್ಲಿ ಸಾವಿರಾರು ‘ಫಿಕ್ಸ್‌ಮಿ’ ಸಾಲುಗಳಿರುತ್ತವೆ, ಅವುಗಳಿಗೆ ಹೆದರಬೇಕಿಲ್ಲ. ಕೊನೆಯ ಇನ್ನೂರು ಸಾಲುಗಳಲ್ಲಿ ‘ಎರ್:’ ಎಂದು ಹುಡುಕಿ.

‘ನೋ ಅಡಾಪ್ಟರ್ಸ್ ಫೌಂಡ್’ ಎಂದು ಡಿಎಕ್ಸ್‌ವಿಕೆ ಹೇಳಿದರೆ ನೀವು ಮತ್ತೆ ವಲ್ಕನ್ ಪದರಕ್ಕೆ ಇಳಿಯಬೇಕು: 32-ಬಿಟ್ ಡ್ರೈವರ್ ಇಲ್ಲ, ಅಥವಾ ಕಾರ್ಡು ಹಳೆಯದು. ‘ಇಂಪೋರ್ಟ್_ಡಿಎಲ್‌ಎಲ್’ ಜೊತೆಗೆ ‘ನಾಟ್ ಫೌಂಡ್’ ಇದ್ದರೆ ವಿಂಡೋಸ್‌ನ ಯಾವುದೋ ಗ್ರಂಥಾಲಯ ಸಿಕ್ಕಿಲ್ಲ. ಮೊದಲು ‘ವೆರಿಫೈ ಇಂಟೆಗ್ರಿಟಿ’ ಮಾಡಿ, ಆಮೇಲೂ ಬಂದರೆ ಪ್ರೋಟಾನ್‌ಟ್ರಿಕ್ಸ್ ಎಂಬ ಉಪಕರಣದಿಂದ ‘ವಿಸಿರನ್2022’ ಹಾಕಿ. ಆಟ ಓಡುತ್ತದೆ ಆದರೆ ವಿಡಿಯೊ ಬರುವ ಕಡೆ ಟಿವಿಯ ಬಣ್ಣದ ಪಟ್ಟಿಗಳು ಕಾಣುತ್ತವೆ ಎಂದರೆ ಆಟವೇನೂ ಹಾಳಾಗಿಲ್ಲ. ಆ ವಿಡಿಯೊದ ಕೋಡೆಕ್ ಪ್ರೋಟಾನ್‌ನಲ್ಲಿಲ್ಲ, ವಾಲ್ವ್ ಬೇರೆ ರೂಪಕ್ಕೆ ತಿರುಗಿಸಿಟ್ಟ ವಿಡಿಯೊ ನಿಮ್ಮಲ್ಲಿ ಇಳಿದಿಲ್ಲ. ಅದು ಇಳಿಯುವುದು ಶೇಡರ್ ಪ್ರೀ-ಕ್ಯಾಶಿಂಗ್ (ಶೇಡರ್ ಎಂಬ, ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಮ್‌ಗಳನ್ನು ಮುಂಚೆಯೇ ಇಳಿಸಿಡುವ ಸ್ಟೀಮ್ ಸೆಟ್ಟಿಂಗ್) ಜೊತೆಗೆ. ಡೇಟಾ ಉಳಿಸಲೆಂದು ಆ ಸೆಟ್ಟಿಂಗ್ ಆಫ್ ಮಾಡಿದ್ದರೆ ಮತ್ತೆ ಹೊತ್ತಿಸಿ, ಇಲ್ಲವೇ ಜಿಇ-ಪ್ರೋಟಾನ್ (ವಾಲ್ವ್ ಹೊರಗಿನವರು ಕಟ್ಟಿದ ಪ್ರೋಟಾನ್) ಬಳಸಿ.

ಕಂಪಾಟ್‌ಡೇಟಾದಲ್ಲಿ ಆಟದ ಫೋಲ್ಡರ್ ಅಳಿಸಿ ಹೊಸದಾಗಿ ಕಟ್ಟಿಸುವುದು ಒಳ್ಳೆಯ ಉಪಾಯವೇ. ಆದರೆ ಆಟದ ಸೇವ್ ಫೈಲುಗಳು ಅದರೊಳಗಿನ ‘ಸ್ಟೀಮ್‌ಯೂಸರ್’ ಫೋಲ್ಡರಿನಲ್ಲೇ ಇರಬಹುದು. ಸ್ಟೀಮ್ ಕ್ಲೌಡ್ ಇಲ್ಲದ ಆಟಗಳಲ್ಲಿ ಅಳಿಸಿದರೆ ನಲವತ್ತು ಗಂಟೆಯ ಆಟ ಹೋದಂತೆಯೇ. ಅಳಿಸಬೇಡಿ, ಫೋಲ್ಡರಿನ ಹೆಸರು ಬದಲಿಸಿ.

ಓಡಿ, ನಡುವೆ ಬೀಳುವ ಆಟ

ಅರ್ಧ ಗಂಟೆ ಚೆನ್ನಾಗಿ ಓಡಿ ಡೆಸ್ಕ್‌ಟಾಪ್‌ಗೆ ಮರಳುವ ಆಟಕ್ಕೆ ಕಾರಣ ಸಾಮಾನ್ಯವಾಗಿ ಕರ್ನಲ್ ಲಾಗ್‌ನಲ್ಲಿ ಸಿಗುತ್ತದೆ. ಬಿದ್ದ ಕೂಡಲೇ ‘ಜರ್ನಲ್‌ಸಿಟಿಎಲ್ -ಕೆ -ಬಿ’ ಕೊಡಿ. ಯಂತ್ರವೇ ಹೆಪ್ಪುಗಟ್ಟಿ ರೀಬೂಟ್ ಮಾಡಬೇಕಾಗಿ ಬಂದಿದ್ದರೆ ಕೊನೆಗೆ ‘-1’ ಸೇರಿಸಿ, ಹಿಂದಿನ ಬೂಟ್‌ನ ಲಾಗ್ ಬರುತ್ತದೆ.

‘ಔಟ್ ಆಫ್ ಮೆಮೊರಿ’ ಎಂಬ ಸಾಲು ಕಂಡರೆ ರ್‍ಯಾಮ್ ಸಾಲದು. 8 ಜಿಬಿ ಯಂತ್ರದಲ್ಲಿ ಬ್ರೌಸರ್ ತೆರೆದಿಟ್ಟು ದೊಡ್ಡ ಆಟ ಓಡಿಸಿದರೆ ಹೀಗಾಗುತ್ತದೆ. ಝಡ್‌ರ್‍ಯಾಮ್ ಅಥವಾ 8 ಜಿಬಿಯ ಸ್ವಾಪ್ ಫೈಲ್ ಸೇರಿಸಿ. ‘ಎನ್‌ವಿಆರ್‌ಎಂ: ಎಕ್ಸ್‌ಐಡಿ’ ಎಂದಿದ್ದರೆ ಪಕ್ಕದ ಸಂಖ್ಯೆ ನೋಡಿ. 79 ಎಂದರೆ ಕಾರ್ಡು ಬಸ್‌ನಿಂದಲೇ ಕಳಚಿಕೊಂಡಿದೆ: ಪವರ್ ಸಪ್ಲೈ, ಸಡಿಲವಾದ ಕೇಬಲ್, ಸ್ಲಾಟಿನ ಧೂಳು, ವಿಪರೀತ ಬಿಸಿ, ಇವುಗಳಲ್ಲಿ ಹುಡುಕಬೇಕು, ಪ್ರೋಟಾನ್‌ನಲ್ಲಲ್ಲ. 13 ಅಥವಾ 31 ಎಂದರೆ ಆಟ, ಅನುವಾದದ ಪದರ ಇಲ್ಲವೇ ಡ್ರೈವರ್ ಕಡೆಯ ತಪ್ಪು ಇರುವ ಸಾಧ್ಯತೆ ಹೆಚ್ಚು, ಕಾರ್ಡನ್ನು ಓವರ್‌ಕ್ಲಾಕ್ ಮಾಡಿದ್ದರೆ ಮೊದಲು ಅದನ್ನು ಹಿಂದಕ್ಕೆ ತನ್ನಿ. ಎಎಂಡಿಯಲ್ಲಿ ‘ರಿಂಗ್ ಜಿಎಫ್‌ಎಕ್ಸ್ ಟೈಮ್‌ಔಟ್’ ಎಂಬುದು ಇದಕ್ಕೆ ಸಮ. ಮೆಸಾ ಮತ್ತು ಕರ್ನಲ್ ಎರಡನ್ನೂ ಹೊಸದಕ್ಕೆ ಏರಿಸಿ ನೋಡಿ.

ಲಾಗ್ ಪೂರ್ತಿ ಖಾಲಿ, ಆದರೆ ದೊಡ್ಡ ಆಟ ಲೋಡ್ ಆಗುವ ಹಂತದಲ್ಲೇ ಪ್ರತಿ ಸಲ ಬೀಳುತ್ತದೆಯೇ? ‘ಸಿಸ್‌ಸಿಟಿಎಲ್ ವಿಎಂ.ಮ್ಯಾಕ್ಸ್_ಮ್ಯಾಪ್_ಕೌಂಟ್’ ಕೊಡಿ. 65530 ಎಂದು ಬಂದರೆ ಕಾರಣ ಸಿಕ್ಕಿತು. ಒಂದು ಪ್ರೋಗ್ರಾಮ್ ಎಷ್ಟು ಮೆಮೊರಿ ತುಂಡುಗಳನ್ನು ಇಟ್ಟುಕೊಳ್ಳಬಹುದು ಎಂಬ ಮಿತಿ ಅದು, ಇಂದಿನ ದೊಡ್ಡ ಆಟಗಳಿಗೆ ಸಾಲದು. ಉಬುಂಟು 24.04, ಫೆಡೋರಾ 39ರಿಂದ ಈ ಮಿತಿ 1048576 ಆಗಿದೆ. ಹಳೆಯ ಡಿಸ್ಟ್ರೋದಲ್ಲಿ ‘ಸಿಸ್‌ಸಿಟಿಎಲ್.ಡಿ’ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ ‘ವಿಎಂ.ಮ್ಯಾಕ್ಸ್_ಮ್ಯಾಪ್_ಕೌಂಟ್=1048576’ ಎಂದು ಬರೆಯಿರಿ.

ತಡವರಿಕೆ, ಕಡಿಮೆ ಎಫ್‌ಪಿಎಸ್

ಆಟದ ಮೇಲೆಯೇ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚೌಕಟ್ಟು), ಕಾರ್ಡಿನ ಬಳಕೆ ತೋರಿಸುವ ‘ಮ್ಯಾಂಗೊಹಡ್ %ಕಮಾಂಡ್%’ ಹಾಕಿ ನೋಡದೆ ಇದರ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಮೊದಲು ಯಾವ ಕಾರ್ಡು ಓಡುತ್ತಿದೆ ನೋಡಿ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಆಟ ಒಳಗ್ರಾಫಿಕ್ಸ್ ಮೇಲೆಯೇ ಓಡುತ್ತಿರಬಹುದು. ಆಗ ಎನ್ವಿಡಿಯಾಗೆ ‘ಪ್ರೈಮ್-ರನ್ %ಕಮಾಂಡ್%’, ಎಎಂಡಿಗೆ ‘ಡಿಆರ್‌ಐ_ಪ್ರೈಮ್=1 %ಕಮಾಂಡ್%’. ಕಾರ್ಡಿನ ಬಳಕೆ ಶೇ 95ಕ್ಕಿಂತ ಮೇಲಿದ್ದರೆ ಅದು ತನ್ನ ಶಕ್ತಿಯಷ್ಟೂ ದುಡಿಯುತ್ತಿದೆ, ಚಿತ್ರದ ಗುಣಮಟ್ಟ ಇಳಿಸುವುದೊಂದೇ ದಾರಿ. ಬಳಕೆ ಶೇ 50ರಲ್ಲಿದ್ದು ಎಫ್‌ಪಿಎಸ್ ಕಡಿಮೆಯಿದ್ದರೆ ಸಿಪಿಯು ಹಿಂದೆ ಬಿದ್ದಿದೆ. ‘ಪವರ್‌ಪ್ರೊಫೈಲ್ಸ್‌ಸಿಟಿಎಲ್ ಸೆಟ್ ಪರ್ಫಾರ್ಮೆನ್ಸ್’ ಕೊಡಿ, ಲ್ಯಾಪ್‌ಟಾಪ್ ಚಾರ್ಜರ್‌ಗೆ ಸಿಕ್ಕಿಸಿ.

ಹೊಸ ಜಾಗಕ್ಕೆ ಕಾಲಿಟ್ಟಾಗ ಮಾತ್ರ ತಡವರಿಸಿ, ಅದೇ ಜಾಗದಲ್ಲಿ ಎರಡನೇ ಸಲ ಸರಿಯಿದ್ದರೆ ಅದು ಶೇಡರ್ ಕಂಪೈಲ್ ಆಗುವ ಸಮಯ. ‘ಪ್ರೊಸೆಸಿಂಗ್ ವಲ್ಕನ್ ಶೇಡರ್ಸ್’ ಬಂದಾಗ ‘ಸ್ಕಿಪ್’ ಒತ್ತಬೇಡಿ. ಡಿಎಕ್ಸ್‌ವಿಕೆ-ಅಸಿಂಕ್ ಹಾಕಿ ಎಂಬ ಸಲಹೆ ಇನ್ನೂ ತಿರುಗಾಡುತ್ತಿದೆ, ಅದರ ಕಾಲ ಮುಗಿದಿದೆ. ಡಿಎಕ್ಸ್‌ವಿಕೆ 2.0ರಿಂದ ಗ್ರಾಫಿಕ್ಸ್ ಪೈಪ್‌ಲೈನ್ ಲೈಬ್ರರಿ ಎಂಬ ಸೌಲಭ್ಯ ಆ ಕೆಲಸವನ್ನು ಸರಿಯಾದ ರೀತಿಯಲ್ಲಿ ಮಾಡುತ್ತದೆ. ಎನ್ವಿಡಿಯಾದಲ್ಲಿ ಡೈರೆಕ್ಟ್‌3ಡಿ 12ರ ಆಟಗಳು ವಿಂಡೋಸ್‌ಗಿಂತ ನಿಧಾನವಾಗುವುದು ಎಲ್ಲರಿಗೂ ತಿಳಿದ ಕೊರತೆ, ಅದನ್ನು ನಿಮ್ಮ ಸೆಟ್ಟಿಂಗ್‌ನ ತಪ್ಪೆಂದು ಹುಡುಕುತ್ತಾ ಕೂರಬೇಡಿ. ಆಟದಲ್ಲಿ ಡಿಎಕ್ಸ್11 ಆಯ್ಕೆ ಇದ್ದರೆ ಅದನ್ನೇ ಬಳಸಿ. ವೇಲ್ಯಾಂಡ್‌ನಲ್ಲಿ (ಡೆಸ್ಕ್‌ಟಾಪಿನ ಹೊಸ ಚಿತ್ರ ವ್ಯವಸ್ಥೆ) ಚಿತ್ರ ಮಿನುಗಿ ಹಿಂದುಮುಂದಾಗುತ್ತಿದ್ದರೆ ಎನ್ವಿಡಿಯಾ ಡ್ರೈವರ್ 555ಕ್ಕಿಂತ ಹಳೆಯದಿರಬೇಕು. ಎಕ್ಸ್‌ಪ್ಲಿಸಿಟ್ ಸಿಂಕ್ ಬಂದದ್ದು ಆ ಸರಣಿಯಿಂದ.

ಇಷ್ಟರಲ್ಲಿ ಒಂದು ಸ್ಪಷ್ಟ ಮಾತು. ವ್ಯಾಲೊರೆಂಟ್, ಲೀಗ್ ಆಫ್ ಲೆಜೆಂಡ್ಸ್, ಫೋರ್ಟ್‌ನೈಟ್, ಪಬ್‌ಜಿ, ಡೆಸ್ಟಿನಿ 2 ಇವು ಲಿನಕ್ಸ್‌ನಲ್ಲಿ ಓಡುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಅದರ ತಯಾರಕರು ಲಿನಕ್ಸ್‌ಗೆ ಬಾಗಿಲು ಮುಚ್ಚಿದರು. ಜಿಟಿಎ ಆನ್‌ಲೈನ್ 2024ರ ಸೆಪ್ಟೆಂಬರ್‌ನಿಂದ ಹೋಯಿತು, ಅದರ ಕಥೆಯ ಭಾಗ ಈಗಲೂ ನಡೆಯುತ್ತದೆ. ಆಟದಲ್ಲಿ ಮೋಸ ತಡೆಯುವ ತಂತ್ರಾಂಶಗಳಾದ ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್‌ಗೆ ಬೆಂಬಲ ಕೊಡುತ್ತವೆ, ಆದರೆ ಆಟದ ತಯಾರಕರು ಅದನ್ನು ಹೊತ್ತಿಸಬೇಕು. ಇದು ದೋಷವಲ್ಲ, ಅವರ ನಿರ್ಧಾರ. ಯಾವ ಆದೇಶವೂ ಇದನ್ನು ಸರಿಮಾಡದು, ವರ್ಚುವಲ್ ಮಷೀನ್ ಪ್ರಯತ್ನಿಸಿದರೆ ಖಾತೆಯೇ ಹೋಗಬಹುದು. ಆಟ ಕೊಳ್ಳುವ ಮುನ್ನ ಪ್ರೋಟಾನ್‌ಡಿಬಿ ತಾಣ ನೋಡಿ.

ಡಾವಿಂಚಿ ರಿಸಾಲ್ವ್

ಸೃಜನಶೀಲ ಕೆಲಸದ ತಂತ್ರಾಂಶಗಳಲ್ಲಿ ಹೆಚ್ಚು ತಲೆನೋವು ಕೊಡುವುದು ಇದೇ. ಇದನ್ನು ರಾಕಿ ಲಿನಕ್ಸ್‌ಗೆಂದು ಕಟ್ಟಿದ್ದಾರೆ, ನಾವು ಓಡಿಸುವುದು ಉಬುಂಟು, ಫೆಡೋರಾ, ಆರ್ಚ್ ಮೇಲೆ.

ಉಬುಂಟು 24.04ರಲ್ಲಿ ಇನ್‌ಸ್ಟಾಲರ್ ‘ಲಿಬ್‌ಎಸೌಂಡ್2 ಇಲ್ಲ’ ಎಂದು ನಿಲ್ಲುತ್ತದೆ. ಪ್ಯಾಕೇಜ್ ಇದೆ, ಹೆಸರಿನ ಕೊನೆಗೆ ‘ಟಿ64’ ಸೇರಿದ್ದರಿಂದ ಇನ್‌ಸ್ಟಾಲರ್‌ಗೆ ಗುರುತು ಸಿಗುವುದಿಲ್ಲ. ‘ಸ್ಕಿಪ್_ಪ್ಯಾಕೇಜ್_ಚೆಕ್=1’ ಎಂದು ಮುಂದೆ ಸೇರಿಸಿ ಇನ್‌ಸ್ಟಾಲರ್ ಓಡಿಸಿ. ಮುಗಿದ ಮೇಲೆ ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ, ಆಗ ಟರ್ಮಿನಲ್‌ನಿಂದ ‘/ಆಪ್ಟ್/ರಿಸಾಲ್ವ್/ಬಿನ್/ರಿಸಾಲ್ವ್’ ಓಡಿಸಿ. ‘ಸಿಂಬಲ್ ಲುಕಪ್ ಎರರ್’ ಬಂದು, ಅದರಲ್ಲಿ ‘ಲಿಬ್‌ಪ್ಯಾಂಗೊ’ ಮತ್ತು ‘ಜಿ_’ಯಿಂದ ಶುರುವಾಗುವ ಹೆಸರು ಇದ್ದರೆ ಕಾರಣ ಇದು: ರಿಸಾಲ್ವ್ ತನ್ನೊಂದಿಗೆ ಹಳೆಯ ಜಿಲಿಬ್ ತಂದಿದೆ, ಸಿಸ್ಟಮ್‌ನ ಹೊಸ ಪ್ಯಾಂಗೊಗೆ ಬೇಕಾದ ಕಾರ್ಯ ಅದರಲ್ಲಿಲ್ಲ. ಆಪ್ಟ್‌ನ ರಿಸಾಲ್ವ್‌ನೊಳಗೆ ‘ಲಿಬ್ಸ್’ ಫೋಲ್ಡರಿಗೆ ಹೋಗಿ, ‘ಹಳೆಯದು’ ಎಂಬರ್ಥದ ಒಂದು ಫೋಲ್ಡರ್ ಮಾಡಿ, ಲಿಬ್‌ಜಿಲಿಬ್, ಲಿಬ್‌ಜಿಐಒ, ಲಿಬ್‌ಜಿಮಾಡ್ಯೂಲ್, ಲಿಬ್‌ಜಿಆಬ್ಜೆಕ್ಟ್ ಹೆಸರಿನ ಫೈಲುಗಳನ್ನೆಲ್ಲ ಅದಕ್ಕೆ ಸರಿಸಿ. ಆಗ ಸಿಸ್ಟಮ್‌ನ ಹೊಸ ಫೈಲುಗಳನ್ನೇ ರಿಸಾಲ್ವ್ ಎತ್ತಿಕೊಳ್ಳುತ್ತದೆ. ರಿಸಾಲ್ವ್ ಅಪ್‌ಡೇಟ್ ಆದಾಗ ಅವು ಮರಳಿ ಬರುತ್ತವೆ, ಮತ್ತೆ ಸರಿಸಬೇಕು.

ತೆರೆಯಿತು, ಆದರೆ ‘ಜಿಪಿಯು ಪ್ರೊಸೆಸಿಂಗ್ ಮೋಡ್’ ಬೆಂಬಲವಿಲ್ಲ ಎಂದರೆ ‘ಸಿಎಲ್‌ಇನ್ಫೋ’ ಕೊಡಿ. ಪ್ಲಾಟ್‌ಫಾರ್ಮ್ ಸಂಖ್ಯೆ 0 ಎಂದರೆ ಓಪನ್‌ಸಿಎಲ್ (ಕಾರ್ಡಿನಿಂದ ಲೆಕ್ಕ ಮಾಡಿಸುವ ಸೌಲಭ್ಯ) ಇಲ್ಲ. ಎಎಂಡಿಗೆ ರಾಕಂನ ಓಪನ್‌ಸಿಎಲ್ ಪ್ಯಾಕೇಜ್ ಹಾಕಬೇಕು. ಫೆಡೋರಾದಲ್ಲಿ ಎನ್ವಿಡಿಯಾ ಇದ್ದವರು ಆರ್‌ಪಿಎಂ ಫ್ಯೂಷನ್‌ನ ಡ್ರೈವರ್ ಜೊತೆ ಅದರ ‘ಸಿಯುಡಿಎ’ (ಎನ್ವಿಡಿಯಾ ಕಾರ್ಡಿನಿಂದ ಲೆಕ್ಕ ಮಾಡಿಸುವ ಸೌಲಭ್ಯ) ಪ್ಯಾಕೇಜನ್ನೂ ಪ್ರತ್ಯೇಕವಾಗಿ ಹಾಕಬೇಕು, ಅದು ತಾನಾಗಿ ಬರುವುದಿಲ್ಲ.

ಕೊನೆಯದು, ಹೆಚ್ಚು ಜನರನ್ನು ಕಂಗೆಡಿಸುವುದು: ಫೋನಿನ ವಿಡಿಯೊ ಎಳೆದು ಹಾಕಿದರೆ ಶಬ್ದವಿಲ್ಲ, ಚಿತ್ರವೂ ಇಲ್ಲ. ಲಿನಕ್ಸ್‌ನ ಉಚಿತ ಆವೃತ್ತಿ ಎಚ್.264, ಎಚ್.265 ಓದುವುದಿಲ್ಲ, ಎಎಸಿ ಶಬ್ದವನ್ನೂ ಓದುವುದಿಲ್ಲ. ಯಾವ ಕೋಡೆಕ್ ಪ್ಯಾಕ್ ಹಾಕಿದರೂ ಇದು ಬದಲಾಗದು. ವಿಡಿಯೊ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್‌ನಿಂದ ಚಿತ್ರವನ್ನು ಡಿಎನ್‌ಎಕ್ಸ್‌ಎಚ್‌ಆರ್‌ಗೂ ಶಬ್ದವನ್ನು ಪಿಸಿಎಂಗೂ ತಿರುಗಿಸಿ ಮೂವ್ ಫೈಲ್ ಮಾಡಿ. ಆದೇಶದಲ್ಲಿ ಬೇಕಾದ ಭಾಗಗಳು: ‘-ಸಿ:ವಿ ಡಿಎನ್‌ಎಕ್ಸ್‌ಎಚ್‌ಡಿ’, ‘-ಪ್ರೊಫೈಲ್:ವಿ ಡಿಎನ್‌ಎಕ್ಸ್‌ಎಚ್‌ಆರ್_ಎಚ್‌ಕ್ಯೂ’, ‘-ಪಿಕ್ಸ್_ಎಫ್‌ಎಂಟಿ ವೈಯುವಿ422ಪಿ’, ‘-ಸಿ:ಎ ಪಿಸಿಎಂ_ಎಸ್16ಎಲ್‌ಇ’. ಕೋಡೆಕ್‌ನ ಹೆಸರು ಎಚ್‌ಡಿ, ಪ್ರೊಫೈಲ್‌ನ ಹೆಸರು ಎಚ್‌ಆರ್ ಎಂಬಲ್ಲಿ ಎಡವಬೇಡಿ. 10-ಬಿಟ್ ವಿಡಿಯೊ ಆದರೆ ಎಚ್‌ಕ್ಯೂ ಬದಲು ಎಚ್‌ಕ್ಯೂಎಕ್ಸ್, ಪಿಕ್ಸೆಲ್ ರೂಪದ ಕೊನೆಗೆ ‘10ಎಲ್‌ಇ’. 1080ಪಿ, ಸೆಕೆಂಡಿಗೆ 25 ಚೌಕಟ್ಟಿನ ವಿಡಿಯೊ ಹೀಗೆ ನಿಮಿಷಕ್ಕೆ ಸುಮಾರು ಒಂದೂವರೆ ಜಿಬಿ ಆಗುತ್ತದೆ, 4ಕೆ ಆದರೆ ಸುಮಾರು ನಾಲ್ಕು ಪಟ್ಟು. ಡಿಸ್ಕ್‌ನಲ್ಲಿ ಜಾಗ ನೋಡಿಕೊಂಡು ಶುರುಮಾಡಿ. ಫೋನುಗಳು ಚೌಕಟ್ಟಿನ ವೇಗವನ್ನು ಏರಿಳಿಸುತ್ತಾ ಚಿತ್ರೀಕರಿಸುತ್ತವೆ, ಮದುವೆಯ ಒಂದು ಗಂಟೆಯ ವಿಡಿಯೊದಲ್ಲಿ ಕೊನೆಗೆ ಬರುವಷ್ಟರಲ್ಲಿ ವಾಲಗದ ಶಬ್ದ ಒಂದು ಕಡೆ, ಊದುವ ಕೈ ಇನ್ನೊಂದು ಕಡೆ ಆಗುವುದು ಇದರಿಂದಲೇ. ತಿರುಗಿಸುವಾಗಲೇ ‘-ವಿಎಫ್ ಎಫ್‌ಪಿಎಸ್=30’ ಸೇರಿಸಿ ವೇಗ ಸ್ಥಿರಗೊಳಿಸಿ. ಹೊರಕ್ಕೆ ಕೊಡುವಾಗಲೂ ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲೇ ತೆಗೆದು, ಆಮೇಲೆ ಎಫ್‌ಎಫ್‌ಎಂಪೆಗ್‌ನ ‘ಲಿಬ್‌ಎಕ್ಸ್264’, ‘ಸಿಆರ್‌ಎಫ್ 18’ರಲ್ಲಿ ಎಚ್.264 ಮಾಡಿ. ಬಣ್ಣ ತಿದ್ದುವ ಗಂಭೀರ ಕೆಲಸ ಇಲ್ಲದವರು ಕೆಡಿಎನ್‌ಲೈವ್ ಬಳಸಿದರೆ ಈ ಸುತ್ತಾಟವೇ ಬೇಡ, ಅದು ಫೋನಿನ ವಿಡಿಯೊವನ್ನು ನೇರವಾಗಿ ತೆಗೆದುಕೊಳ್ಳುತ್ತದೆ.

ಬ್ಲೆಂಡರ್, ಪೆನ್ ಟ್ಯಾಬ್ಲೆಟ್, ಶಬ್ದ

ಬ್ಲೆಂಡರ್‌ನ ಪ್ರಿಫರೆನ್ಸಸ್, ಸಿಸ್ಟಮ್‌ನಲ್ಲಿ ಸೈಕಲ್ಸ್ ಎಂಬ ರೆಂಡರಿಂಗ್ ಭಾಗಕ್ಕೆ ಕಾರ್ಡು ಕಾಣದಿದ್ದರೆ ಮೊದಲು ಬ್ಲೆಂಡರ್ ತಾಣದ ಟಾರ್ ಫೈಲ್ ಇಳಿಸಿ ಅದರಿಂದ ಓಡಿಸಿ. ಅದರಲ್ಲಿ ಕಂಡರೆ ದೋಷ ಪ್ಯಾಕೇಜಿನದು. ಎಎಂಡಿಗೆ ಹಿಪ್ ರನ್‌ಟೈಮ್ ಬೇಕು, ಮೆಸಾ ಒಂದೇ ಸಾಲದು. ಬ್ಲೆಂಡರ್ 3.0ರಿಂದ ಓಪನ್‌ಸಿಎಲ್ ಇಲ್ಲ, ಹಳೆಯ ಎಎಂಡಿ ಕಾರ್ಡಿನಲ್ಲಿ ಸಿಪಿಯು ರೆಂಡರಿಂಗೇ ಗತಿ. ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ ಎನ್ವಿಡಿಯಾದಲ್ಲಿ ‘ಸಿಯುಡಿಎ’ ಮಾಯವಾದರೆ ರೀಬೂಟ್ ಬೇಡ: ಅದನ್ನು ಬಳಸುವ ಪ್ರೋಗ್ರಾಮ್‌ಗಳನ್ನೆಲ್ಲ ಮುಚ್ಚಿ, ‘ಎನ್ವಿಡಿಯಾ_ಯುವಿಎಂ’ ಮಾಡ್ಯೂಲನ್ನು ‘ಆರ್‌ಎಂಮಾಡ್’ನಿಂದ ತೆಗೆದು ‘ಮಾಡ್‌ಪ್ರೋಬ್’ನಿಂದ ಹಾಕಿ.

ಚಿತ್ರ ಬಿಡಿಸುವ ಕೃತಾದಲ್ಲಿ ಪೆನ್ನಿನ ಒತ್ತಡ ಕೆಲಸ ಮಾಡದಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿರುವ ಟ್ಯಾಬ್ಲೆಟ್ ಟೆಸ್ಟರ್ ತೆರೆಯಿರಿ. ಗೆರೆ ಎಳೆದಾಗ ಒತ್ತಡದ ಸಂಖ್ಯೆ ಬದಲಾಗುತ್ತಿದ್ದರೆ ದೋಷ ಬ್ರಷ್‌ನ ಸೆಟ್ಟಿಂಗಿನಲ್ಲಿದೆ. ಬದಲಾಗದಿದ್ದರೆ ಡ್ರೈವರ್‌ನಲ್ಲಿ. ಹ್ಯುಯಿಯಾನ್, ಎಕ್ಸ್‌ಪಿ-ಪೆನ್ ಟ್ಯಾಬ್ಲೆಟ್‌ಗಳಲ್ಲಿ ಕರ್ನಲ್‌ನ ಯುಸಿಲಾಜಿಕ್ ಮಾಡ್ಯೂಲ್, ಕಂಪನಿಯ ಡ್ರೈವರ್, ಓಪನ್‌ಟ್ಯಾಬ್ಲೆಟ್‌ಡ್ರೈವರ್ ಮೂರೂ ಒಂದೇ ಪೆನ್ನನ್ನು ಹಿಡಿಯಲು ಜಗ್ಗಾಡುತ್ತಿರುತ್ತವೆ. ಒಂದನ್ನು ಮಾತ್ರ ಉಳಿಸಿ. ಓಪನ್‌ಟ್ಯಾಬ್ಲೆಟ್‌ಡ್ರೈವರ್ ಉಳಿಸಿಕೊಂಡರೆ ‘ಎಚ್‌ಐಡಿ_ಯುಸಿಲಾಜಿಕ್’ ಮತ್ತು ‘ವಾಕಂ’ ಮಾಡ್ಯೂಲ್‌ಗಳನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ.

ಶಬ್ದ ಚಟಪಟ ಎಂದರೆ ‘ಪಿಡಬ್ಲ್ಯು-ಟಾಪ್’ ತೆರೆದು ‘ಇಆರ್‌ಆರ್’ ಅಂಕಣ ನೋಡಿ. ಚಟಪಟ ಬಂದಾಗಲೆಲ್ಲ ಯಾವ ಸಾಲಿನ ಸಂಖ್ಯೆ ಏರುತ್ತದೋ ಆ ಪ್ರೋಗ್ರಾಮ್ ಸಮಯಕ್ಕೆ ಶಬ್ದ ಒದಗಿಸುತ್ತಿಲ್ಲ. ‘ಕ್ವಾಂಟ್’ ಎಂಬುದು ಒಮ್ಮೆಗೆ ಕಳಿಸುವ ಮಾದರಿಗಳ ಸಂಖ್ಯೆ: 48000 ದರದಲ್ಲಿ 256 ಎಂದರೆ 5.3 ಮಿಲಿಸೆಕೆಂಡು, 1024 ಎಂದರೆ 21.3. ಹಾಡು ಧ್ವನಿಮುದ್ರಿಸುವಾಗ ‘ಆರ್ಡರ್’ ಎಂಬ ಧ್ವನಿಮುದ್ರಣ ತಂತ್ರಾಂಶಕ್ಕೆ 256 ಬೇಕಾಗಬಹುದು, ಆಟಕ್ಕೆ 1024 ಸಾಕು. ಸ್ಥಿರಗೊಳಿಸಲು ‘ಪಿಡಬ್ಲ್ಯು-ಮೆಟಾಡೇಟಾ -ಎನ್ ಸೆಟ್ಟಿಂಗ್ಸ್ 0 ಕ್ಲಾಕ್.ಫೋರ್ಸ್-ಕ್ವಾಂಟಮ್ 1024’, ಬಿಡಿಸಲು ಕೊನೆಯ ಸಂಖ್ಯೆ 0. ಬ್ಲೂಟೂತ್ ಹೆಡ್‌ಸೆಟ್‌ನ ಶಬ್ದ ಮೈಕ್ ಹೊತ್ತಿಸಿದ ಕೂಡಲೇ ಡಬ್ಬದೊಳಗಿನಿಂದ ಬಂದಂತಾದರೆ ಅದು ಫೋನ್ ಕರೆಯ ಪ್ರೊಫೈಲ್‌ಗೆ ಜಾರಿದೆ. ಬೇರೆ ಮೈಕ್ ಬಳಸಿ.

ಕನ್ನಡ ಅಕ್ಷರ ಒಡೆದರೆ

ಪೋಸ್ಟರ್‌ನಲ್ಲಿ ಒತ್ತಕ್ಷರ ಪಕ್ಕಕ್ಕೆ ಕಳಚಿ ನಿಂತರೆ ಫಾಂಟನ್ನು ದೂರುವ ಮುನ್ನ ತಂತ್ರಾಂಶದ ಆವೃತ್ತಿ ನೋಡಿ. ಪುಟವಿನ್ಯಾಸದ ಸ್ಕ್ರೈಬಸ್ 1.4 ಸರಣಿಗೆ ಕನ್ನಡ ಜೋಡಿಸಲು ಬಾರದು. ಆ ಶಕ್ತಿ 1.5.3ರಲ್ಲಿ ಬಂತು, ಸ್ಥಿರ ಆವೃತ್ತಿಯಾಗಿ 1.6ರಲ್ಲಿ ಸಿಗುತ್ತದೆ. ‘ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್’ ಕೊಟ್ಟರೆ ಯಂತ್ರದಲ್ಲಿರುವ ಕನ್ನಡ ಫಾಂಟುಗಳ ಪಟ್ಟಿ ಬರುತ್ತದೆ. ಡೆಬಿಯನ್, ಉಬುಂಟುವಿನಲ್ಲಿ ಗುಬ್ಬಿ, ನವಿಲು ಫಾಂಟುಗಳು ಪ್ಯಾಕೇಜಾಗಿಯೇ ಇವೆ. ಹಳೆಯ ಡಿಟಿಪಿ ಫೈಲಿನ ಪಠ್ಯ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಂಡರೆ ಅದು ನುಡಿ ಅಥವಾ ಬರಹದ ಆಸ್ಕಿ ಪಠ್ಯ. ಯಾವ ಯೂನಿಕೋಡ್ ಫಾಂಟ್ ಹಾಕಿದರೂ ಓದಲಾಗದು, ಪರಿವರ್ತಕದಿಂದ ಯೂನಿಕೋಡ್‌ಗೆ ತಿರುಗಿಸಲೇಬೇಕು. ಇಂಕ್‌ಸ್ಕೇಪ್‌ನಿಂದ ಪ್ರೆಸ್‌ಗೆ ಕಳಿಸುವ ಪಿಡಿಎಫ್‌ನಲ್ಲಿ ಪಠ್ಯವನ್ನು ಪಾತ್ ಆಗಿ ಬದಲಿಸಿ, ತಿದ್ದಲು ಬರುವ ಮೂಲ ಪ್ರತಿಯನ್ನು ಬೇರೆಯಾಗಿ ಉಳಿಸಿಕೊಳ್ಳಿ.

ದೋಷ ವರದಿ ಮಾಡುವಾಗ

ಪ್ರೋಟಾನ್‌ಗೆ ಗಿಟ್‌ಹಬ್‌ನಲ್ಲಿ ಆಟಕ್ಕೊಂದರಂತೆ ವರದಿಯ ಪುಟಗಳಿವೆ. ನಿಮ್ಮ ಆಟದ ಪುಟ ಈಗಾಗಲೇ ಇದ್ದರೆ ಹೊಸದು ತೆರೆಯಬೇಡಿ. ಸ್ಟೀಮ್‌ನ ಹೆಲ್ಪ್, ಸಿಸ್ಟಮ್ ಇನ್ಫರ್ಮೇಷನ್‌ನಿಂದ ನಕಲಿಸಿದ ಪಠ್ಯ, ಪ್ರೋಟಾನ್ ಲಾಗ್, ಎಷ್ಟನೇ ನಿಮಿಷದಲ್ಲಿ ಯಾವ ಜಾಗದಲ್ಲಿ ಬೀಳುತ್ತದೆ, ಯಾವ ಪ್ರೋಟಾನ್ ಆವೃತ್ತಿಯವರೆಗೆ ಸರಿಯಿತ್ತು, ಇಷ್ಟು ಕೊಡಿ. ಕೊನೆಯದು ಗೊತ್ತಿದ್ದರೆ ದುರಸ್ತಿ ಮಾಡುವವರ ಕೆಲಸ ಬಹಳ ಹಗುರವಾಗುತ್ತದೆ. ಲಾಗ್‌ನಲ್ಲಿ ನಿಮ್ಮ ಹೋಮ್ ಫೋಲ್ಡರಿನ ಹೆಸರು ಇರುತ್ತದೆ, ಅದು ನಿಮ್ಮ ಸ್ವಂತ ಹೆಸರಾಗಿದ್ದರೆ ಬದಲಿಸಿ ಕಳಿಸಿ. ಕೆಲಸ ಮುಗಿದ ಮೇಲೆ ಲಾಂಚ್ ಆಪ್ಷನ್ಸ್‌ನಿಂದ ಲಾಗ್‌ನ ಆದೇಶ ತೆಗೆಯಲು ಮರೆಯಬೇಡಿ. ದೀರ್ಘ ಆಟದಲ್ಲಿ ಆ ಫೈಲ್ ಜಿಬಿಗಟ್ಟಲೆ ಬೆಳೆದು ಹೋಮ್ ಪಾರ್ಟಿಷನ್ ತುಂಬಿಬಿಡಬಹುದು.